ಮೇಸ್ತ್ರಿಯ ಮಾತು, ಮನೆಯವರ ಲೆಕ್ಕ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯಲ್ಲಿ ಮನೆಯೇ ಮೊದಲು ಬಂದಿದೆ. ಮದುವೆ ಮೂರು ದಿನದಲ್ಲಿ ಮುಗಿಯುತ್ತದೆ. ಮನೆಯ ಕೆಲಸ ಮೂರು ತಿಂಗಳೆಂದು ಶುರುವಾಗಿ ವರ್ಷ ಹಿಡಿಯುವುದುಂಟು. ಹೊಸ ಮನೆಗಿಂತ ಹಳೆಯ ಮನೆಯ ದುರಸ್ತಿ ಇನ್ನೂ ತೊಡಕಿನದು. ಹೊಸ ಮನೆ ಕಟ್ಟುವವರಿಗೆ ತಲೆ ಮೇಲೆ ಬೇರೊಂದು ಸೂರಿರುತ್ತದೆ. ದುರಸ್ತಿಗೆ ಕೈಹಾಕಿದವರು ದೂಳಿನ ನಡುವೆಯೇ ಅಡುಗೆ ಮಾಡಬೇಕು. ಮಕ್ಕಳು ಸುತ್ತಿಗೆಯ ಸದ್ದಿನ ನಡುವೆಯೇ ಓದಬೇಕು.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸೀಮೆಯಲ್ಲಿ ಈ ಕೆಲಸಕ್ಕೆ ಒಂದು ಋತುಮಾನವೇ ಇದೆ. ಹೊಳಲ್ಕೆರೆಯ ಕಡೆ ಅಡಿಕೆ, ಹೊಸದುರ್ಗದ ಕಡೆ ತೆಂಗು ಮಾರಿದ ದುಡ್ಡು ಕೈಸೇರಿ, ಸಂಕ್ರಾಂತಿ ಕಳೆದ ಮೇಲೆ ಮೇಸ್ತ್ರಿಯನ್ನು ಹುಡುಕುವುದು ವಾಡಿಕೆ. ಮುಂಗಾರು ಬರುವುದರೊಳಗೆ ಹಳೆಯ ಛಾವಣಿ ಬಿಚ್ಚಿ ಹೊಸದು ಹಾಕಬೇಕು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆಗಳು ಬಂದು ನಿಲ್ಲುವುದೂ ಅದೇ ಹೊತ್ತಿಗೆ. ಕೆಲಸ ಹೇಳಿದ ದಿನಕ್ಕೆ ಮುಗಿಯದಿದ್ದರೆ ನಷ್ಟ ಬರಿಯ ಹಣದ್ದಲ್ಲ. ಓದುವ ಹುಡುಗನ ಒಂದು ವರ್ಷವೂ ಅದರಲ್ಲಿ ಸೇರಿರುತ್ತದೆ. ಮುಂದಿನ ಕಾಲೇಜು ಶುಲ್ಕಕ್ಕೆಂದು ತೆಗೆದಿಟ್ಟ ಹಣವೇ ಸಿಮೆಂಟಿಗೆ ಹೋದರಂತೂ ಕೇಳುವುದೇ ಬೇಡ.

ಜಗಳ ಹುಟ್ಟುವ ಜಾಗ

ಮನೆಯವರು ಹೇಳಿಕೊಳ್ಳುವ ಕಷ್ಟಗಳು ಎಲ್ಲ ಊರುಗಳಲ್ಲೂ ಒಂದೇ ಬಗೆಯವು. ಮುಂಗಡ ಪಡೆದ ಮೇಸ್ತ್ರಿ ಹಳೆಯ ಛಾವಣಿ ಇಳಿಸಿ, ಇನ್ನೊಂದು ಊರಿನ ಕೆಲಸಕ್ಕೆ ಹೋಗಿಬಿಡುತ್ತಾನೆ. ಅರ್ಧ ಕೆಲಸವಾದ ಮೇಲೆ, ‘ಪ್ಯಾರಪೆಟ್ ಗೋಡೆ ಗುತ್ತಿಗೆಯಲ್ಲಿ ಸೇರಿರಲಿಲ್ಲ’ ಎನ್ನುತ್ತಾನೆ. ಗಿಲಾವು ಅಳೆಯುವಾಗ ಬಾಗಿಲು, ಕಿಟಕಿಗಳ ಜಾಗ ಕಳೆಯಬೇಕೇ ಬೇಡವೇ ಎಂದು ಮಾತಿಗೆ ಮಾತು ಬೆಳೆಯುತ್ತದೆ. ಮೊದಲ ಮಳೆಗೇ ತಾರಸಿ ಸೋರಿದರೆ ಸಿಮೆಂಟಿನ ತಪ್ಪೋ ಕೈಯ ತಪ್ಪೋ ತೀರ್ಮಾನವಾಗುವುದಿಲ್ಲ.

ಈ ಎಲ್ಲ ಜಗಳಗಳ ಬೇರು ಒಂದೇ. ಕೆಲಸ ಶುರುವಾಗುವ ಮುಂಚೆ ಏನು, ಎಷ್ಟು, ಯಾವಾಗ ಎಂಬುದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಕಾಗದ ತೆಗೆದರೆ, ‘ಯಜಮಾನ್ರೇ, ನಮ್ ಮೇಲೆ ನಂಬಿಕೆ ಇಲ್ವಾ?’ ಎಂಬ ಮಾತು ಬರುತ್ತದೆ. ಮನೆಯವರೂ ಸಂಕೋಚದಿಂದ ಕಾಗದ ಮಡಚಿಡುತ್ತಾರೆ. ಬರಹವೆಂದರೆ ಅಪನಂಬಿಕೆ ಎಂಬ ಈ ಭಾವನೆಯೇ ತಪ್ಪು. ಆರು ತಿಂಗಳ ಹಿಂದೆ ಆಡಿದ ಮಾತು ಇಬ್ಬರಿಗೂ ಒಂದೇ ರೀತಿ ನೆನಪಿರುವುದಿಲ್ಲ. ನೆನಪು ಕೈಕೊಟ್ಟಾಗ ಇಬ್ಬರ ಮಾನವನ್ನೂ ಉಳಿಸುವುದು ಆ ಒಂದು ಹಾಳೆ.

ಮೂರು ಬಗೆಯ ಒಪ್ಪಂದ

ಮೇಸ್ತ್ರಿಯಿಂದ ಕೆಲಸ ಮಾಡಿಸಲು ಮೂರು ದಾರಿಗಳಿವೆ. ಮೊದಲನೆಯದು ದಿನಗೂಲಿ. ಸಣ್ಣಪುಟ್ಟ ರಿಪೇರಿಗೆ ಇದು ಸರಿ. ದೊಡ್ಡ ಕೆಲಸಕ್ಕೆ ದಿನಗಳು ಬೆಳೆಯುತ್ತಲೇ ಹೋಗುತ್ತವೆ. ಎರಡನೆಯದು ಕೂಲಿ ಗುತ್ತಿಗೆ. ಸಾಮಾನು ಮನೆಯವರದು, ಕೆಲಸ ಮೇಸ್ತ್ರಿಯದು. ಇಲ್ಲಿ ಸಾಮಾನಿನ ಗುಣಮಟ್ಟ ಮನೆಯವರ ಕೈಯಲ್ಲಿರುತ್ತದೆ, ಆದರೆ ಸಿಮೆಂಟು ಪೋಲಾದರೆ ನಷ್ಟವೂ ಅವರದೇ. ಮೂರನೆಯದು ಸಾಮಾನು ಸಮೇತ ಗುತ್ತಿಗೆ. ಓಡಾಟ ತಪ್ಪುತ್ತದೆ, ಆದರೆ ಯಾವ ಸಿಮೆಂಟು, ಎಷ್ಟು ದಪ್ಪದ ಕಬ್ಬಿಣ, ಎಂಥ ಮರಳು ಎಂದು ಬರೆದುಕೊಳ್ಳದಿದ್ದರೆ ಅಗ್ಗದ್ದೇ ಬಂದು ಬೀಳುವ ಭಯವಿರುತ್ತದೆ.

ಅಳತೆಯ ಮಾತಿನಲ್ಲೂ ಎಚ್ಚರ ಬೇಕು. ನಮ್ಮ ಕಡೆ ‘ಚದರ’ ಎಂದರೆ 100 ಚದರ ಅಡಿ. ‘ಚದರಕ್ಕಿಷ್ಟು’ ಎಂದು ದರ ಮಾತಾಡಿದವರು ಆ ಚದರದಲ್ಲಿ ಸಜ್ಜಾ, ಮೆಟ್ಟಿಲು, ನೀರಿನ ತೊಟ್ಟಿ ಸೇರಿವೆಯೇ ಎಂದೂ ಕೇಳಿಕೊಳ್ಳಬೇಕು. ಗಿಲಾವಿನ ಅಳತೆಗೆ ಭಾರತೀಯ ಮಾನಕ ಐಎಸ್ 1200ರಲ್ಲಿ ನಿಯಮವೇ ಇದೆ. ಅರ್ಧ ಚದರ ಮೀಟರ್‌ಗಿಂತ ಚಿಕ್ಕ ಕಿಂಡಿಗಳನ್ನು ಕಳೆಯುವುದಿಲ್ಲ. ಅದಕ್ಕಿಂತ ದೊಡ್ಡದಾಗಿದ್ದು 3 ಚದರ ಮೀಟರ್‌ವರೆಗಿನ ಬಾಗಿಲು, ಕಿಟಕಿಗೆ ಗೋಡೆಯ ಒಂದು ಮುಖದಲ್ಲಿ ಮಾತ್ರ ಕಳೆಯುತ್ತಾರೆ. ಅಂಚುಗಳ ಗಿಲಾವಿಗೆ ಬೇರೆ ಹಣವಿಲ್ಲ. ಈ ಪದ್ಧತಿಯನ್ನಾದರೂ ಒಪ್ಪಬಹುದು, ಬೇರೊಂದನ್ನಾದರೂ ಒಪ್ಪಬಹುದು. ಒಪ್ಪಿದ್ದನ್ನು ಮೊದಲೇ ಬರೆದಿಡುವುದು ಮುಖ್ಯ.

ಶಾಲೆಯ ಗಣಿತಕ್ಕೆ ಮನೆಯಲ್ಲೇ ಕೆಲಸ

ಇಲ್ಲಿ ಮನೆಯ ವಿದ್ಯಾರ್ಥಿ ನೆರವಿಗೆ ಬರಬಹುದು. ಪ್ರೌಢಶಾಲೆಯ ಕ್ಷೇತ್ರಗಣಿತ ಗೊತ್ತಿರುವ ಹುಡುಗಿಯೋ ಹುಡುಗನೋ ಇಡೀ ಛಾವಣಿಯ ಲೆಕ್ಕವನ್ನು ಅರ್ಧ ಗಂಟೆಯಲ್ಲಿ ಹಾಕಬಲ್ಲರು.

ಹೊಳಲ್ಕೆರೆಯಲ್ಲೊಂದು ಹಳೆಯ ಮನೆ, 30 ಅಡಿ ಉದ್ದ, 20 ಅಡಿ ಅಗಲದ್ದು ಎಂದುಕೊಳ್ಳೋಣ. ವಿಸ್ತೀರ್ಣ 600 ಚದರ ಅಡಿ, ಅಂದರೆ 6 ಚದರ. ಛಾವಣಿಯ ದಪ್ಪ 5 ಅಂಗುಲವಾದರೆ ಕಾಂಕ್ರೀಟ್ 250 ಘನ ಅಡಿ. ಒಣ ಸಾಮಾನು ನೀರು ಬಿದ್ದು ಕುಗ್ಗುವುದರಿಂದ ಇದನ್ನು 1.54ರಿಂದ ಗುಣಿಸುವುದು ರೂಢಿ. ಆಗ 385 ಘನ ಅಡಿ ಬರುತ್ತದೆ. ಒಂದು ಪಾಲು ಸಿಮೆಂಟ್, ಒಂದೂವರೆ ಪಾಲು ಮರಳು, ಮೂರು ಪಾಲು ಜಲ್ಲಿ ಸೇರಿದರೆ ಐದೂವರೆ ಪಾಲು. ಭಾಗಿಸಿದರೆ ಸಿಮೆಂಟ್ 70, ಮರಳು 105, ಜಲ್ಲಿ 210 ಘನ ಅಡಿ. 50 ಕಿಲೋದ ಒಂದು ಚೀಲದಲ್ಲಿ ಸುಮಾರು ಒಂದೂಕಾಲು ಘನ ಅಡಿ ಸಿಮೆಂಟಿರುತ್ತದೆ. ಹಾಗಾಗಿ ಬೇಕಾಗುವುದು ಸುಮಾರು 56 ಚೀಲ.

ಅದೇ ಛಾವಣಿ 6 ಅಂಗುಲವಾದರೆ ಲೆಕ್ಕ 67 ಚೀಲಕ್ಕೆ ಏರುತ್ತದೆ. ಒಂದು ಅಂಗುಲಕ್ಕೆ 11 ಚೀಲ! ಕರಾರಿನಲ್ಲಿ ‘ಆರ್‌ಸಿಸಿ ಛಾವಣಿ’ ಎಂದಷ್ಟೇ ಬರೆದು ದಪ್ಪ ಬರೆಯದಿದ್ದರೆ ಏನಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಕಬ್ಬಿಣಕ್ಕೂ ಸುಲಭ ಸೂತ್ರವಿದೆ. ಸರಳಿನ ವ್ಯಾಸವನ್ನು ಮಿಲಿಮೀಟರ್‌ನಲ್ಲಿ ತೆಗೆದುಕೊಂಡು ವರ್ಗ ಮಾಡಿ 162ರಿಂದ ಭಾಗಿಸಿದರೆ ಒಂದು ಮೀಟರ್‌ನ ತೂಕ ಕಿಲೋದಲ್ಲಿ ಸಿಗುತ್ತದೆ. 10 ಮಿಲಿಮೀಟರ್‌ನ, 12 ಮೀಟರ್ ಉದ್ದದ ಸರಳು ಸುಮಾರು 7.4 ಕಿಲೋ. ಇಪ್ಪತ್ತು ಸರಳಿಗೆ 148 ಕಿಲೋ. ಅಂಗಡಿಯ ತೂಕದ ಚೀಟಿ ಇದಕ್ಕೆ ಸ್ವಲ್ಪ ಹೆಚ್ಚುಕಡಿಮೆ ಹೊಂದಬೇಕು.

ಮಾಳಿಗೆ ಮನೆಗೆ ತಾರಸಿ

ಈ ಬಯಲುಸೀಮೆಯ ಹಳೆಯ ಮನೆಗಳಲ್ಲಿ ಬಹಳಷ್ಟು ಮಾಳಿಗೆ ಮನೆಗಳು. ಮರದ ತೊಲೆಗಳ ಮೇಲೆ ಮಣ್ಣು ಹಾಸಿ, ಸೋರದಂತೆ ಕರಲು ಮಣ್ಣು ಹಾಕುತ್ತಿದ್ದರು. ಬೇಸಿಗೆಯಲ್ಲಿ ತಂಪು, ಆದರೆ ಆಗಾಗ ಆರೈಕೆ ಬೇಕು. ಆರೈಕೆ ಮಾಡುವವರು ಕಡಿಮೆಯಾದಂತೆ ಎಲ್ಲರ ಕಣ್ಣು ತಾರಸಿಯತ್ತ ಹೊರಳಿದೆ.

ಇಲ್ಲಿ ಮೇಸ್ತ್ರಿಯ ಮಾತು ಒಂದೇ ಸಾಲದು. ಮೇಲಿನ ಲೆಕ್ಕದ 250 ಘನ ಅಡಿ ಎಂದರೆ ಸುಮಾರು 7 ಘನ ಮೀಟರ್. ಒಂದು ಘನ ಮೀಟರ್ ಆರ್‌ಸಿಸಿಯ ತೂಕ ಸುಮಾರು 2,500 ಕಿಲೋ. ಅಂದರೆ ಛಾವಣಿಯ ತೂಕ 17 ಟನ್ನಿಗೂ ಮೇಲು. ಮಣ್ಣಿನ ಹಳೆಯ ಗೋಡೆ, ಹಳೆಯ ಪಾಯ ಇದನ್ನು ಹೊರುತ್ತವೆಯೇ ಎಂಬುದನ್ನು ಇಂಜಿನಿಯರೊಬ್ಬರು ಬಂದು ನೋಡಿ ಹೇಳಬೇಕು. ಅವರಿಗೆ ಕೊಡುವ ಶುಲ್ಕ ದಂಡವೆಂದು ತಿಳಿಯುವವರಿದ್ದಾರೆ. ಆದರೆ ಆ ಛಾವಣಿಯ ಕೆಳಗೆ ಮಲಗುವವರು ಮನೆಯ ಮಕ್ಕಳೇ.

ನೀರು ಯಾರದು?

ಕರಾರಿನಲ್ಲಿ ಎಲ್ಲರೂ ಮರೆಯುವ ಒಂದು ಸಾಲು ನೀರಿನದು. ತಾರಸಿ ಹಾಕಿದ ಮೇಲೆ ಅದಕ್ಕೆ ನೀರುಣಿಸಬೇಕು. ಐಎಸ್ 456 ಎಂಬ ಮಾನಕದ ಪ್ರಕಾರ ಸಾಧಾರಣ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿಲು ಮತ್ತು ಒಣ ಹವೆಯಲ್ಲಿ ಕನಿಷ್ಠ 10 ದಿನ ಕಾಂಕ್ರೀಟ್ ಒದ್ದೆಯಾಗಿರಬೇಕು. ಬೂದಿ ಬೆರೆತ ಪಿಪಿಸಿ ಸಿಮೆಂಟಾದರೆ 14 ದಿನ ಒಳ್ಳೆಯದು. ಏಪ್ರಿಲ್‌ನ ಹಿರಿಯೂರಿನ ಬಿಸಿಲಿಗೆ ಬೆಳಿಗ್ಗೆ ಸುರಿದ ನೀರು ಮಧ್ಯಾಹ್ನಕ್ಕೆ ಇರುವುದಿಲ್ಲ. ತಾರಸಿಯ ಮೇಲೆ ಮಣ್ಣಿನ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದೇ ಸರಿಯಾದ ದಾರಿ. ನಲ್ಲಿ ನೀರು ಸಾಲದೆ ಟ್ಯಾಂಕರ್ ತರಿಸಬೇಕಾದರೆ ಹಣ ಯಾರದು, ದಿನವೂ ನೀರು ಹಾಕುವವರು ಯಾರು ಎಂಬುದು ಕಾಗದದ ಮೇಲಿರಬೇಕು. ‘ಅವರು ಹಾಕುತ್ತಾರೆ’ ಎಂದು ಇವರು, ‘ಇವರು ಹಾಕುತ್ತಾರೆ’ ಎಂದು ಅವರು ಸುಮ್ಮನಿದ್ದರೆ ಬಿರುಕು ಬಿಡುವುದು ತಾರಸಿ.

ಕಲಸುವಾಗ ಮಾತ್ರ ನೀರು ಹೆಚ್ಚಾಗಬಾರದು. ಮೇಲೆ ಹೇಳಿದ ಮಿಶ್ರಣಕ್ಕೆ ಒಂದು ಚೀಲ ಸಿಮೆಂಟಿಗೆ 30 ಲೀಟರ್ ಗರಿಷ್ಠ. ಸೆಂಟ್ರಿಂಗ್ ಬಿಚ್ಚಲೂ ಅವಸರ ಕೂಡದು. ಸಾಧಾರಣ ಸಿಮೆಂಟಾದರೆ ನಾಲ್ಕೂವರೆ ಮೀಟರ್‌ವರೆಗಿನ ಅಂತರದ ತಾರಸಿಗೆ ಆಸರೆಗಳು 7 ದಿನ, ಅದಕ್ಕೂ ಹೆಚ್ಚಿಗೆ 14 ದಿನ ಇರಬೇಕು ಎನ್ನುತ್ತದೆ ಅದೇ ಮಾನಕ. ಬಾಡಿಗೆಗೆ ತಂದ ಹಲಗೆಗಳನ್ನು ಬೇರೆ ಕೆಲಸಕ್ಕೆ ಒಯ್ಯುವ ಆತುರ ಮೇಸ್ತ್ರಿಗಿರುತ್ತದೆ. ಬಿಚ್ಚುವ ದಿನವನ್ನೂ ಬರೆದುಕೊಂಡರೆ ಆ ಆತುರಕ್ಕೆ ಕಡಿವಾಣ ಬೀಳುತ್ತದೆ.

‘ನಮ್ಮದು ಮಳೆಯಿಲ್ಲದ ಸೀಮೆ, ನಡೆಯುತ್ತದೆ’ ಎಂಬ ಮಾತೂ ಆಗಾಗ ಕಿವಿಗೆ ಬೀಳುತ್ತದೆ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಮಳೆ ಎಷ್ಟು ಅಪರೂಪವೋ ಬಂದಾಗ ಅಷ್ಟೇ ಜೋರು.

ಹಣದ ಕಂತು

ಹಣವನ್ನು ತಾರೀಖಿಗಲ್ಲ, ಮುಗಿದ ಕೆಲಸಕ್ಕೆ ಕೊಡುವುದು ಒಳ್ಳೆಯ ಪದ್ಧತಿ. ಮುಂಗಡವಾಗಿ ಹತ್ತರಲ್ಲೊಂದು ಪಾಲು. ಆಮೇಲೆ ಗೋಡೆ, ಛಾವಣಿ, ಗಿಲಾವು, ನೆಲ ಹೀಗೆ ಒಂದೊಂದು ಹಂತ ಮುಗಿದಾಗ ಒಂದೊಂದು ಕಂತು. ಕೊನೆಯ ಸಣ್ಣ ಪಾಲೊಂದನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಒಪ್ಪಬೇಕು. ಈ ಜಿಲ್ಲೆಯಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯೇ ಜೋರಾದ್ದರಿಂದ ತಾರಸಿಯ ಪರೀಕ್ಷೆ ನಡೆಯುವುದು ಆಗಲೇ. ಪ್ರತಿ ಬಾರಿ ಹಣ ಕೊಟ್ಟಾಗ ತಾರೀಖು, ಮೊತ್ತ, ಮೇಸ್ತ್ರಿಯ ಸಹಿ ಇರುವ ಒಂದು ನೋಟುಪುಸ್ತಕ ಸಾಕು. ಅದನ್ನು ಬರೆಯುವ ಕೆಲಸ ಮನೆಯ ಮಗಳಿಗೋ ಮಗನಿಗೋ ವಹಿಸಿದರೆ ಲೆಕ್ಕ ಕಲಿತಂತೆಯೂ ಆಯಿತು, ಮನೆಯ ಕಷ್ಟ ತಿಳಿದಂತೆಯೂ ಆಯಿತು.

ಮೇಸ್ತ್ರಿಗೂ ಕಷ್ಟವುಂಟು

ತಪ್ಪು ಯಾವಾಗಲೂ ಮೇಸ್ತ್ರಿಯದೇ ಅಲ್ಲ. ಗೋಡೆ ಎದ್ದ ಮೇಲೆ ‘ಇಲ್ಲೊಂದು ಗೂಡು ಬೇಕಿತ್ತು, ಆ ಕಿಟಕಿ ಈಚೆ ಬರಲಿ’ ಎನ್ನುವ ಮನೆಯವರುಂಟು. ಹೆಚ್ಚುವರಿ ಕೆಲಸಕ್ಕೆ ಹೆಚ್ಚುವರಿ ಹಣ ಕೇಳಿದರೆ ಮುಖ ಗಂಟಿಕ್ಕುವುದೂ ಉಂಟು. ಕಂತು ತಡವಾದರೂ ಮೇಸ್ತ್ರಿ ತನ್ನ ಆಳುಗಳಿಗೆ ವಾರದ ಬಟವಾಡೆ ಕೊಡಲೇಬೇಕು. ಅದಕ್ಕಾಗಿಯೇ ಇನ್ನೊಂದು ಕೆಲಸದ ಮುಂಗಡ ಹಿಡಿದು ಅಲ್ಲಿಗೆ ಓಡುತ್ತಾನೆ. ಆತನ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ. ಬರೆದ ಕರಾರು ಆತನನ್ನೂ ಕಾಯುತ್ತದೆ. ಕೆಲಸದಲ್ಲಿ ಬದಲಾವಣೆ ಮಾಡಿದರೆ ಅದನ್ನೂ ಅದರ ದರವನ್ನೂ ಅಂದೇ ಬರೆದು ಇಬ್ಬರೂ ಸಹಿ ಹಾಕಬೇಕು.

ಮಾತು ಮುರಿದರೆ

ಬಾಯಿಮಾತಿನ ಒಪ್ಪಂದಕ್ಕೂ 1872ರ ಕರಾರು ಕಾಯ್ದೆಯಲ್ಲಿ ಬೆಲೆಯಿದೆ. ಆದರೆ ಅದನ್ನು ಸಾಬೀತು ಮಾಡುವುದು ಕಷ್ಟ. ಗ್ರಾಹಕರಿಗಾಗಿ 1986ರಲ್ಲಿ ಬಂದ ಕಾಯ್ದೆಗೆ 1993ರಲ್ಲಿ ತಿದ್ದುಪಡಿಯಾಗಿ ಮನೆ ನಿರ್ಮಾಣವೂ ‘ಸೇವೆ’ಯೆಂದು ಸೇರಿತು. ಅದೇ ವರ್ಷ ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹಳೆಯ ಕಾಯ್ದೆಯ ಜಾಗಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದು, 2020ರ ಜುಲೈನಿಂದ ಜಾರಿಯಲ್ಲಿದೆ. ಮಾತಿನಂತೆ ಕೆಲಸ ಮಾಡದವರ ಮೇಲೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಮೊದಲು ಸಲಹೆ ಕೇಳಬಹುದು. ‘ರೇರಾ’ ಎಂದು ಕರೆಯುವ 2016ರ ಕಾಯ್ದೆ ಮಾರಾಟಕ್ಕೆ ಕಟ್ಟುವ ಯೋಜನೆಗಳಿಗಾಗಿ ಇರುವುದು. ಸ್ವಂತ ಮನೆಯ ದುರಸ್ತಿಗೆ ಅದನ್ನು ನಂಬಿ ಕೂರುವಂತಿಲ್ಲ.

ಎಲ್ಲಿಗೆ ಹೋದರೂ ಮೊದಲು ಕೇಳುವುದು ಕಾಗದವನ್ನೇ. ಕರಾರು, ರಸೀದಿ, ಸಾಮಾನಿನ ಬಿಲ್ಲು, ಬಿರುಕಿನ ಫೋಟೋ ಇವಿದ್ದರೆ ಮಾತಿಗೆ ತೂಕ ಬರುತ್ತದೆ.

ದೂರಿನವರೆಗೆ ಹೋಗದಿರುವುದೇ ಲೇಸು. ಅದಕ್ಕೆ ಬೇಕಾಗುವುದು ಹೆಚ್ಚೇನಲ್ಲ. ಮೇಸ್ತ್ರಿ ಹಿಂದೆ ಮಾಡಿದ ಎರಡು ಮನೆಗಳನ್ನು, ಸಾಧ್ಯವಾದರೆ ಮಳೆ ಬಂದ ಮರುದಿನ, ಹೋಗಿ ನೋಡಬೇಕು. ಪರೀಕ್ಷೆಯ ವರ್ಷ ಮನೆಯಲ್ಲಿದ್ದರೆ ಕೆಲಸವನ್ನು ದೀಪಾವಳಿಯ ಬಳಿಕವೇ ಶುರುಮಾಡಿ ಫೆಬ್ರುವರಿಯೊಳಗೆ ಮುಗಿಸಬೇಕು, ಇಲ್ಲವೇ ಮುಂದಿನ ವರ್ಷಕ್ಕೆ ತಳ್ಳಬೇಕು. ಇನ್ನು ಉಳಿದದ್ದು ಒಂದು ಅಳತೆಯ ಟೇಪು, ಒಂದು ನೋಟುಪುಸ್ತಕ ಮತ್ತು ಸಂಕೋಚವಿಲ್ಲದೆ ಕೇಳುವ ಒಂದು ಪ್ರಶ್ನೆ: ‘ಮೇಸ್ತ್ರಿಗಳೇ, ಇದನ್ನು ಬರೆದುಕೊಳ್ಳೋಣವೇ?’