ಜೀವಮಾನದ ಗ್ರೀಸ್ ಅಂತೆ! ಯಾರ ಜೀವಮಾನ?

ಬೆಂಗಳೂರಿನಲ್ಲಿ ಈಗ ಎಲ್ಲಿ ನೋಡಿದರೂ ಫೋರ್ ಬೈ ಫೋರ್. ಮುಂದೆ ಎಲ್‌ಇಡಿ ಲೈಟು, ಮೇಲೆ ಕ್ಯಾರಿಯರ್, ಹಿಂದೆ ಬೆಟ್ಟಗುಡ್ಡದ ಸ್ಟಿಕ್ಕರ್. ಶನಿವಾರ ಸಕಲೇಶಪುರ, ಅಲ್ಲೊಂದು ಹಳ್ಳ ದಾಟುವ ವಿಡಿಯೊ, ಸೋಮವಾರ ಫೋಮ್ ವಾಷ್. ಎಲ್ಲಾ ಸರಿ. ಆದರೆ ಆ ಗಾಡಿಯ ಕೆಳಗೆ ಒಮ್ಮೆಯಾದರೂ ಬಗ್ಗಿ ನೋಡಿದವರು ಎಷ್ಟು ಜನ?

ಬಗ್ಗಿದರೆ ಪ್ರೊಪೆಲ್ಲರ್ ಶಾಫ್ಟ್ ಕಾಣುತ್ತದೆ. ಅದರ ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟ್, ಮೆಕ್ಯಾನಿಕ್ಕುಗಳ ಬಾಯಲ್ಲಿ ಬರೀ ‘ಕ್ರಾಸ್’. ಕೂಡುವ ಚಿಹ್ನೆಯಂಥ ಒಂದು ಉಕ್ಕಿನ ತುಂಡು, ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿಯಂಥ ರೋಲರುಗಳು. ಎಂಜಿನ್ನಿನ ಬಲ ಚಕ್ರದ ಕಡೆಗೆ ಹೋಗುವುದು ಈ ಸೂಜಿಗಳನ್ನು ದಾಟಿಕೊಂಡೇ. ಅವು ಕೇಳುವುದು ಒಂದಿಷ್ಟು ಗ್ರೀಸ್.

ಅದನ್ನೂ ನಾವು ಕೊಡಲ್ಲ. ಸರ್ವಿಸ್ ಸೆಂಟರಿನ ಪಟ್ಟಿಯಲ್ಲಿ ‘ಗ್ರೀಸಿಂಗ್’ ಎದುರು ಟಿಕ್ ಬಿದ್ದಿರುತ್ತದೆ. ಎಷ್ಟೋ ಕಡೆ ಅದರ ಅರ್ಥ, ಸುಲಭವಾಗಿ ಕೈಗೆ ಸಿಕ್ಕ ನಿಪ್ಪಲ್‌ಗೆ ಎರಡು ಸಲ ಗನ್ ಒತ್ತಿದ್ದಾರೆ ಅಂತ ಅಷ್ಟೇ. ಮೇಲ್ಮುಖವಾಗಿ ನಿಂತ ನಿಪ್ಪಲ್ ಕಥೆ ಏನು? ಟ್ರಾನ್ಸ್‌ಫರ್ ಕೇಸಿನ ಮಗ್ಗುಲಲ್ಲಿ ಅವಿತಿರುವುದು? ಜೋಡಿ ಕ್ರಾಸ್ ಇರುವ ಶಾಫ್ಟುಗಳಲ್ಲಿ ನಡುವಿನ ಗುಂಡಿಗೆ ಗ್ರೀಸ್ ಹೋಗುವ ಸಣ್ಣ ತೂತಿಗೆ ಎಷ್ಟೋ ಸಲ ಮಾಮೂಲಿ ಗನ್ನಿನ ಮೂತಿ ತಾಗುವುದೇ ಇಲ್ಲ, ಸೂಜಿಮೂತಿಯ ಅಡಾಪ್ಟರ್ ಬೇಕು.

ಇದೇನು ರಾಕೆಟ್ ವಿಜ್ಞಾನವೇ? ಸಮತಟ್ಟು ಜಾಗದಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ತಂದು ಸ್ವಲ್ಪ ಮುಂದೆ ತಳ್ಳಿದರೆ ಶಾಫ್ಟ್ ತಿರುಗಿ ನಿಪ್ಪಲ್ ಎದುರಿಗೆ ಬರುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ನಿಪ್ಪಲ್ ಮೇಲಿನ ಮಣ್ಣು ಒರೆಸಿ, ನಾಲ್ಕೂ ಬಟ್ಟಲಿನಿಂದ ಹಳೇ ಗ್ರೀಸ್ ಹೊರಬರುವವರೆಗೆ ಒತ್ತಬೇಕು. ಮೂರರಿಂದ ಬಂದು ಒಂದರಿಂದ ಬರದಿದ್ದರೆ ಕೆಲಸ ಮುಗಿದಿಲ್ಲ ಅಂತಲೇ ಲೆಕ್ಕ.

ಕಂಪನಿಗಳ ಉತ್ತರ ರೆಡಿ ಇದೆ: ‘ಸೀಲ್ಡ್ ಜಾಯಿಂಟ್, ಜೀವಮಾನವಿಡೀ ಗ್ರೀಸ್ ಬೇಡ.’ ಯಾರ ಜೀವಮಾನ ಸ್ವಾಮಿ? ಗ್ರೀಸ್ ಒಣಗಿದ ದಿನವೇ ಜಾಯಿಂಟಿನ ಆಯಸ್ಸೂ ಮುಗಿಯುವುದಾದರೆ ಆ ಮಾತು ಸುಳ್ಳಲ್ಲ ಬಿಡಿ! ಡಾಂಬರು ರಸ್ತೆಗೆ ಸೀಲ್ಡ್ ಜಾಯಿಂಟ್ ಒಳ್ಳೆಯದೇ, ಒಪ್ಪೋಣ. ಆದರೆ ಸೀಲ್ ಸವೆದು ಹಳ್ಳದ ನೀರು ಒಳಹೊಕ್ಕರೆ, ಹೊಸ ಗ್ರೀಸ್ ಒತ್ತಿ ಅದನ್ನು ಹೊರದಬ್ಬುವ ದಾರಿಯೇ ಅದರಲ್ಲಿಲ್ಲ. ಲ್ಯಾಂಡ್ ರೋವರ್ ಡಿಸ್ಕವರಿಯ ಎರಡನೇ ತಲೆಮಾರಿನ ಗಾಡಿಗಳ ಮಾಲೀಕರನ್ನು ಕೇಳಿ. ಅದರ ಮುಂದಿನ ಶಾಫ್ಟಿನ ಜೋಡಿ ಕ್ರಾಸಿಗೆ ಗ್ರೀಸ್ ನಿಪ್ಪಲ್ಲೇ ಇರಲಿಲ್ಲ. ಪಕ್ಕದ ಸೈಲೆನ್ಸರ್ ಪೈಪಿನ ಬಿಸಿಗೆ ಒಳಗಿನ ಗ್ರೀಸ್ ಒಣಗಿ, ಓಡುತ್ತಿರುವಾಗಲೇ ಜಾಯಿಂಟ್ ಮುರಿದು, ಬೀಸಿದ ಶಾಫ್ಟ್ ಗೇರ್‌ಬಾಕ್ಸಿನ ಕವಚವನ್ನೇ ಒಡೆದ ಉದಾಹರಣೆಗಳಿವೆ. ಕೊನೆಗೆ ಎಷ್ಟೋ ಮಾಲೀಕರು ತಾವೇ ನಿಪ್ಪಲ್ ಇರುವ ಶಾಫ್ಟ್ ಹಾಕಿಸಿಕೊಂಡರು.

ಹಳೇ ವಿಲ್ಲಿಸ್ ಜೀಪಿನ ಕೈಪಿಡಿ 1,000 ಮೈಲಿಗೊಮ್ಮೆ ಗ್ರೀಸ್ ಹಾಕಿ ಅಂತ ನೇರವಾಗಿ ಹೇಳುತ್ತಿತ್ತು. ಮಾಲೀಕನಿಗೆ ಕೈ ಇದೆ, ಬುದ್ಧಿ ಇದೆ ಅಂತ ನಂಬಿ ಬರೆದ ಪುಸ್ತಕ ಅದು. ಇವತ್ತು ನಮ್ಮನ್ನು ಬರೀ ಟಚ್‌ಸ್ಕ್ರೀನ್ ಒತ್ತುವವರು ಅಂದುಕೊಂಡಿದ್ದಾರೆ, ನಾವೂ ಹಾಗೇ ನಡೆದುಕೊಳ್ಳುತ್ತಿದ್ದೇವೆ.

ನಿಮ್ಮ ಗಾಡಿಯಲ್ಲಿ ಎಷ್ಟು ನಿಪ್ಪಲ್ ಇವೆ, ಎಲ್ಲೆಲ್ಲಿವೆ ಅಂತ ಕೈಪಿಡಿ ನೋಡಿ ಬರೆದಿಟ್ಟುಕೊಳ್ಳಿ. ಸರ್ವಿಸ್ ಆದಮೇಲೆ ಲಿಫ್ಟ್ ಇಳಿಸುವ ಮುಂಚೆ ಒಂದೊಂದನ್ನೂ ತೋರಿಸಿ ಅಂತ ಕೇಳಿ. ದುಡ್ಡು ಕೊಟ್ಟವರು ನೀವು, ನಾಚಿಕೆ ಯಾಕೆ? ನೀರಿಗಿಳಿದು ಬಂದಿದ್ದರೆ ಮೊದಲು ಗ್ರೀಸ್, ಆಮೇಲೆ ಫೋಮ್ ವಾಷ್. ನಿಧಾನಕ್ಕೆ ಹೋಗುವಾಗ ಕೆಳಗಿನಿಂದ ಗುಬ್ಬಚ್ಚಿ ಕೂಗಿದಂತೆ ಕಿಚಕಿಚ ಕೇಳಿದರೆ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಬೇಡಿ. ಗಾಡಿ ನಿಲ್ಲಿಸಿ, ಬಗ್ಗಿ ನೋಡಿ.