ನಲ್ಲೂರು ತೋಪಿನ ಎಣಿಕೆಗೆ ಬಾರದ ಗಿಡಗಳು

ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನ ಹುಣಸೆ ತೋಪು 2007ರಲ್ಲಿ ಭಾರತದ ಮೊದಲ ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿತವಾಯಿತು. ಸುಮಾರು 54 ಎಕರೆಯ ಈ ನೆಲದಲ್ಲಿ ಮುನ್ನೂರರಷ್ಟು ಹಳೆಯ ಹುಣಸೆ ಮರಗಳಿವೆ. ತೋಪಿನ ಮಾತು ಬಂದಾಗಲೆಲ್ಲ ನಾವು ಮರಗಳನ್ನೇ ಎಣಿಸುತ್ತೇವೆ. ಅವುಗಳ ವಯಸ್ಸನ್ನೇ ಚರ್ಚಿಸುತ್ತೇವೆ. ಅವುಗಳ ತೊಗಟೆಗೆ ಅಂಟಿದ, ಬುಡದಲ್ಲಿ ಬೆಳೆದ ಗಿಡಗಳೂ ಎಣಿಕೆಗೆ ಬರಬೇಕೆಂಬುದು ನನ್ನ ಅಭಿಪ್ರಾಯ.

ಸಸ್ಯಗಳು ನೀರನ್ನು ಬಿಟ್ಟು ನೆಲಕ್ಕೆ ಬಂದ ಬಗೆಯನ್ನು ತಿಳಿದರೆ ಇದಕ್ಕೆ ಕಾರಣವು ಸ್ಪಷ್ಟವಾಗುತ್ತದೆ. ಸುಮಾರು 47 ಕೋಟಿ ವರ್ಷಗಳ ಹಿಂದೆ ಹಸಿರು ಪಾಚಿಗಳ ಒಂದು ವಂಶವು ನೆಲವನ್ನೇರಿತು. ನೀರಿನೊಳಗೆ ಇದ್ದಾಗ ಮೈಯೆಲ್ಲವೂ ನೀರನ್ನು ಹೀರುತ್ತಿತ್ತು. ನೀರೇ ಮೈಯನ್ನು ಎತ್ತಿ ಹಿಡಿದಿತ್ತು. ನೆಲದಲ್ಲಾದರೋ ಒಣಗಿಹೋಗುವ ಭಯ. ಈ ತೊಡಕನ್ನು ಒಂದೊಂದು ವಂಶವೂ ಒಂದೊಂದು ರೀತಿಯಲ್ಲಿ ಬಿಡಿಸಿಕೊಂಡಿತು.

ಮಳೆಗಾಲದಲ್ಲಿ ನಮ್ಮ ಸೀಮೆಯ ಹಳೆಯ ಮರಗಳ ತೊಗಟೆಯ ಮೇಲೆ ಹಸಿರು ಮಖಮಲ್ಲಿನಂತೆ ಕಾಣುವ ಹಾವಸೆಯನ್ನು ನೋಡಿರಿ. ನೀರನ್ನು ಎತ್ತರಕ್ಕೆ ಒಯ್ಯುವ ಗಟ್ಟಿ ನಾಳಗಳು ಅದಕ್ಕಿಲ್ಲ. ಆದುದರಿಂದ ಅದು ಗಿಡ್ಡವಾಗಿಯೇ ಉಳಿಯಿತು. ಬೇಸಗೆಯಲ್ಲಿ ಸತ್ತಂತೆ ಒಣಗಿ, ಒಂದು ಮಳೆಗೆ ಮತ್ತೆ ಚೇತರಿಸಿಕೊಳ್ಳುವ ಹಾವಸೆಗಳು ಹಲವು. ಹಳೆಯ ಬಾವಿಗಳ ಕಲ್ಲುಗೋಡೆಯಲ್ಲಿ ಬೆಳೆಯುವ ಜರಿಗಿಡಕ್ಕೆ ನಾಳಗಳೂ ಬೇರುಗಳೂ ಉಂಟು. ಆದರೂ ಅದರ ಗಂಡುಕಣವು ಹೆಣ್ಣುಕಣವನ್ನು ಸೇರಬೇಕಾದರೆ ನೀರಿನ ತೆಳುಪದರದಲ್ಲಿ ಈಜಲೇಬೇಕು. ಹಾವಸೆಯ ಪಾಡೂ ಅದೇ.

ಸುಮಾರು 36 ಕೋಟಿ ವರ್ಷಗಳ ಹಿಂದೆ ಬೀಜವು ಹುಟ್ಟಿತು. ಎಳೆಯ ಸಸಿಯು ತನ್ನ ಬುತ್ತಿಯೊಡನೆ ಒಂದು ಕವಚದೊಳಗೆ ಮಲಗಿ ಮಳೆಗಾಗಿ ಕಾಯಬಲ್ಲುದಾಯಿತು. ಗಂಡುಕಣವು ಪರಾಗದೊಳಗೆ ಕುಳಿತು ಗಾಳಿಯಲ್ಲಿ ಸಂಚರಿಸತೊಡಗಿತು. ಲಾಲ್‌ಬಾಗಿನ ಅರೌಕೇರಿಯ ಮರಗಳು ಈ ಬರಿಬೀಜದ ಗುಂಪಿನವು. ಸೂಜಿಯಂತಹ ಎಲೆಯುಳ್ಳಂತೆ ತೋರುವ ನಮ್ಮ ಸರ್ವೆಮರವು ಈ ಗುಂಪಿನದಲ್ಲ. ಅದು ಹೂಬಿಡುವ ಸಸ್ಯ. ಹೂವು ಬಂದದ್ದು ಬಹಳ ತಡವಾಗಿ. ಅದರ ಖಚಿತವಾದ ಪಳೆಯುಳಿಕೆಗಳು ಸುಮಾರು 13 ಕೋಟಿ ವರ್ಷಗಳಷ್ಟು ಹಳೆಯವು. ಹುಣಸೆಯ ಹೂವಿಗೆ ಜೇನುನೊಣ ಬರುತ್ತದೆ. ಬೀಜವನ್ನು ಹಣ್ಣು ಪೊರೆಯುತ್ತದೆ.

ಪಾಠಗಳಲ್ಲಿ ಹಾವಸೆಯನ್ನು ಕೆಳವರ್ಗದ ಸಸ್ಯವೆಂದೂ ಹುಣಸೆಯನ್ನು ಮೇಲ್ವರ್ಗದ್ದೆಂದೂ ಕರೆಯುವ ವಾಡಿಕೆಯಿದೆ. ಇದು ತಪ್ಪು ಭಾವನೆಯನ್ನು ಹುಟ್ಟಿಸುತ್ತದೆ. ಹಾವಸೆಯು ಹುಣಸೆಯಾಗಲು ಹೊರಟು ಅರ್ಧದಾರಿಯಲ್ಲಿ ನಿಂತ ಗಿಡವಲ್ಲ. ಎರಡರ ವಂಶಗಳೂ ಸಮಾನ ಕಾಲ ಬಾಳಿವೆ. ಬೇರು ಇಳಿಯಲಾರದ ತೊಗಟೆಯ ಮೇಲೆ ಬದುಕುವ ವಿದ್ಯೆಯು ಹಾವಸೆಗೆ ಒಲಿದಿದೆ.

ಎಲ್ಲೆಲ್ಲಿಯೂ ಬೆಳೆಯುವ ಹಾವಸೆಗೆ ರಕ್ಷಣೆಯೇಕೆಂದು ಕೆಲವರು ಕೇಳಬಹುದು. ಅದು ಮಳೆಯ ನೀರನ್ನು ಹಿಡಿದಿಟ್ಟು ಸಣ್ಣ ಹುಳುಗಳಿಗೆ ಆಶ್ರಯ ಕೊಡುತ್ತದೆ. ಮರಗಳನ್ನು ಉಳಿಸಿ, ಅವುಗಳ ಬುಡಕ್ಕೆ ಸಿಮೆಂಟು ಹಾಕಿ, ತರಗೆಲೆಯನ್ನೆಲ್ಲ ಗುಡಿಸಿ, ತೊಗಟೆಯನ್ನು ಕೆರೆದು ತೋಪನ್ನು ಅಂದಗೊಳಿಸಿದರೆ ಮರಗಳ ಲೆಕ್ಕ ಸರಿಯಾಗಿಯೇ ಇರುತ್ತದೆ. ವೈವಿಧ್ಯವು ಮಾತ್ರ ಹೋಗಿರುತ್ತದೆ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಸ್ಥಳೀಯ ಸಮಿತಿಗಳು ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸಬೇಕು. ಈ ಕೆಲಸದಲ್ಲಿ ವಿದ್ಯಾರ್ಥಿಗಳು ನೆರವಾಗಬಲ್ಲರು. ಮಳೆ ನಿಂತ ಮರುದಿನ ಒಂದು ಭೂತಗನ್ನಡಿಯೊಡನೆ ತೋಪಿಗೆ ಹೋಗಿರಿ. ಯಾವುದನ್ನೂ ಕೀಳದೆ, ಕಂಡುದನ್ನು ಬರೆದುಕೊಳ್ಳಿರಿ. ಹೆಸರು ತಿಳಿಯದಿದ್ದರೆ ಚಿತ್ರ ತೆಗೆದು ಅಧ್ಯಾಪಕರಿಗೆ ತೋರಿಸಿರಿ. ಲೆಕ್ಕಕ್ಕೆ ಬಾರದ ಗಿಡವು ನಾಶವಾದರೆ, ಅದು ಹೋಯಿತೆಂಬುದೂ ಯಾರಿಗೂ ತಿಳಿಯುವುದಿಲ್ಲ.