ಬಿಟ್ಟಿ ಊಟಕ್ಕೆ ಇಪ್ಪತ್ತೈದು ವರ್ಷದ ಬಿಲ್ಲು!

“ಸಾರ್, ನಿಮ್ಮ ನಂಬರಿಗೆ ಬಹುಮಾನ ಬಂದಿದೆ. ಗೋವಾದಲ್ಲಿ ಮೂರು ರಾತ್ರಿ ಫ್ರೀ. ಭಾನುವಾರ ಮೇಡಂನೂ ಕರಕೊಂಡು ಬನ್ನಿ, ಊಟಾನೂ ಇದೆ.”

ಕೋಗಿಲು ಕ್ರಾಸಿನಲ್ಲಿ ಬಸ್ಸಿಗೆ ಕಾದು ನಿಂತವರಿಗೂ, ಯಲಹಂಕದಲ್ಲಿ ತಕ್ಕಡಿ ಹಿಡಿದು ಕೂತ ದಿನಸಿ ಅಂಗಡಿಯವರಿಗೂ ಈ ದನಿ ಹೊಸದೇನಲ್ಲ. ಎಂದೋ ಯಾವುದೋ ಮಾಲ್‌ನಲ್ಲಿ ಲಕ್ಕಿ ಡ್ರಾ ಡಬ್ಬಕ್ಕೆ ಹೆಸರು, ಫೋನ್ ನಂಬರು ಬರೆದು ಹಾಕಿದ್ದು ಇವರಿಗೆ ಮರೆತೇ ಹೋಗಿರುತ್ತದೆ. ಡಬ್ಬ ಇಟ್ಟವರು ಮಾತ್ರ ಮರೆತಿರುವುದಿಲ್ಲ!

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ಬಳ್ಳಾರಿ ರಸ್ತೆಯ ಚಹರೆಯೇ ಬದಲಾಯಿತು. ಹೊಲ ಇದ್ದಲ್ಲಿ ಲೇಔಟು, ತೋಪು ಇದ್ದಲ್ಲಿ ಅಪಾರ್ಟ್‌ಮೆಂಟು ಎದ್ದವು. ಕೈಯಲ್ಲಿ ನಾಲ್ಕು ಕಾಸು, ಜೇಬಿನಲ್ಲಿ ಕ್ರೆಡಿಟ್ ಕಾರ್ಡು ಇರುವ ಕುಟುಂಬಗಳು ಹೆಚ್ಚಿದವು. ಹಾಲಿಡೇ ಕ್ಲಬ್ ಮಾರುವವರ ಕಣ್ಣು ಇಂಥ ಕಡೆ ಬೀಳದೆ ಇದ್ದೀತೇ?

ಏನಿದು ವ್ಯಾಪಾರ?

ಇಂಗ್ಲಿಷಿನಲ್ಲಿ ಇದಕ್ಕೆ ಟೈಮ್‌ಶೇರ್ ಎನ್ನುತ್ತಾರೆ. ವರ್ಷಕ್ಕೆ 52 ವಾರ. ಒಂದು ಕೋಣೆಯನ್ನು ವಾರದ ಲೆಕ್ಕದಲ್ಲಿ ಹತ್ತಾರು ಜನರಿಗೆ ಮಾರುವುದೇ ಇದರ ಮೂಲ ಉಪಾಯ. 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದ ಪದ್ಧತಿ ಇದು. ನಮ್ಮ ದೇಶದಲ್ಲಿ ಸ್ಟರ್ಲಿಂಗ್ ಕಂಪನಿ 1986ರಲ್ಲಿ, ಮಹೀಂದ್ರಾ ಹಾಲಿಡೇಸ್ 1996ರಲ್ಲಿ ಹುಟ್ಟಿದವು. 25 ವರ್ಷದ ಸದಸ್ಯತ್ವ ಎಂಬುದು ಆಮೇಲೆ ಮನೆಮಾತಾಯಿತು.

ವ್ಯಾಪಾರವೇ ಮೋಸ ಎಂದರೆ ತಪ್ಪಾದೀತು. ವರ್ಷ ತಪ್ಪದೆ ಮಕ್ಕಳು ಮರಿಯನ್ನು ಕರೆದುಕೊಂಡು ಮಡಿಕೇರಿಗೋ ಊಟಿಗೋ ಹೋಗಿಬರುವ ಸದಸ್ಯರೂ ಇದ್ದಾರೆ. ತಕರಾರು ಇರುವುದು ಕೆಲವರು ಅದನ್ನು ಮಾರುವ ವೈಖರಿಯ ಬಗ್ಗೆ.

ಬಾಗಿಲ ಒಳಗೆ

ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂಬ ಷರತ್ತು ಯಾಕೆ? ಒಬ್ಬರೇ ಬಂದರೆ “ಮನೇಲಿ ಕೇಳಿ ಹೇಳ್ತೀನಿ” ಎಂದು ಎದ್ದು ಬರಬಹುದು. ಇಬ್ಬರೂ ಬಂದರೆ ಆ ದಾರಿ ಮುಚ್ಚಿತು!

ಒಂದು ಗಂಟೆ ಎಂದು ಕರೆದದ್ದು ಮೂರು ಗಂಟೆಯಾಗುತ್ತದೆ. ಮೊದಲು ಟೈ ಕಟ್ಟಿದ ಹುಡುಗ ಬಂದು ಮಕ್ಕಳ ಓದು, ಕಳೆದ ವರ್ಷದ ಪ್ರವಾಸ ಎಲ್ಲ ವಿಚಾರಿಸುತ್ತಾನೆ. ಆಮೇಲೆ ಆಲ್ಬಂ, ವಿಡಿಯೋ. ನಂತರ ಬೆಲೆ. “ಜಾಸ್ತಿಯಾಯ್ತು” ಎಂದರೆ ಮ್ಯಾನೇಜರು ಬರುತ್ತಾನೆ. ಲಕ್ಷ ರೂಪಾಯಿ ಇಳಿಸುತ್ತಾನೆ. ಆದರೆ ಇವತ್ತು ಮಾತ್ರ! ಅಷ್ಟರಲ್ಲಿ ಪಕ್ಕದ ಮೇಜಿನಲ್ಲಿ ಯಾರೋ ಸೇರಿದರೆಂದು ಚಪ್ಪಾಳೆ. ಊಟ ಮಾಡಿದ ದಾಕ್ಷಿಣ್ಯ ಬೇರೆ. ಹೆಂಡತಿ ಮಕ್ಕಳ ಎದುರು “ನಮಗೆ ಶಕ್ತಿ ಇಲ್ಲ” ಎನ್ನಲು ಯಾವ ಗಂಡಸಿಗೆ ಬಾಯಿ ಬಂದೀತು? ಕಾರ್ಡು ಉಜ್ಜಿಯೇ ಬಿಡುತ್ತಾನೆ.

ಆ ಹುಡುಗನನ್ನು ಬೈದು ಪ್ರಯೋಜನವಿಲ್ಲ. ಅವನೂ ಕಮಿಷನ್ನಿಗೆ ದುಡಿಯುವವನೇ. ತಿಂಗಳ ಟಾರ್ಗೆಟ್ ಮುಟ್ಟದಿದ್ದರೆ ಅವನ ಕೆಲಸಕ್ಕೇ ಸಂಚಕಾರ.

ಇನ್ನು ಗೋವಾ ಬಹುಮಾನ? ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ ಅದರ ಜಾತಕ. ಪ್ರಯಾಣದ ಖರ್ಚು ನಿಮ್ಮದು, ಊಟ ನಿಮ್ಮದು, ಬುಕಿಂಗ್ ಶುಲ್ಕ ಬೇರೆ. ಶನಿವಾರ ಭಾನುವಾರ ಇಲ್ಲ, ಹಬ್ಬದಲ್ಲಿ ಇಲ್ಲ. ಫೋನ್ ಮಾಡಿದಾಗಲೆಲ್ಲ “ರೂಂ ಖಾಲಿ ಇಲ್ಲ ಸಾರ್”. ಅಷ್ಟರಲ್ಲಿ ಚೀಟಿಯ ಅವಧಿ ಮುಗಿದಿರುತ್ತದೆ.

ಲೆಕ್ಕ ಹಾಕಿ ನೋಡಿ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಆದರೂ ಒಂದು ಉದಾಹರಣೆ ನೋಡೋಣ.

ಸದಸ್ಯತ್ವ 4 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಶೇ. 18ರ ಜಿಎಸ್‌ಟಿ ಸೇರಿ 4,72,000. ಅದೇ ದುಡ್ಡು ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ ಇದ್ದರೆ ವರ್ಷಕ್ಕೆ 33,040 ರೂಪಾಯಿ. ಇದು ಸಾಲದೆಂದು ವಾರ್ಷಿಕ ನಿರ್ವಹಣಾ ಶುಲ್ಕ. ಅದು 15,000 ಎಂದರೂ ತೆರಿಗೆ ಸೇರಿ 17,700. ಎರಡೂ ಕೂಡಿದರೆ 50,740. ಆರು ರಾತ್ರಿಗೆ ಹಂಚಿದರೆ ರಾತ್ರಿಯೊಂದಕ್ಕೆ ಸುಮಾರು 8,450 ರೂಪಾಯಿ! ಊಟ, ಬಸ್ ಚಾರ್ಜು ಇದರಲ್ಲಿ ಸೇರಿಲ್ಲ.

ಬ್ಯಾಂಕಿನಲ್ಲಿದ್ದರೆ 25 ವರ್ಷದ ಕೊನೆಗೆ ಅಸಲು ಕೈಯಲ್ಲಿ ಇರುತ್ತದೆ. ಇಲ್ಲಿ ಅಸಲೂ ಇಲ್ಲ. ನಿರ್ವಹಣಾ ಶುಲ್ಕ ವರ್ಷ ವರ್ಷ ಏರಬಹುದು. ಹೋಗದೆ ಇದ್ದ ವರ್ಷವೂ ಅದನ್ನು ಕಟ್ಟಬೇಕು.

ದಿನಸಿ ಅಂಗಡಿಯವರು ವಾರ ಪೂರ್ತಿ ಬಾಗಿಲು ಹಾಕುವುದು ಯಾವಾಗ? ಮಕ್ಕಳಿಗೆ ರಜೆ ಇರುವ ಏಪ್ರಿಲ್–ಮೇ, ದಸರಾ ಅಥವಾ ಡಿಸೆಂಬರ್. ಎಲ್ಲರಿಗೂ ಬೇಕಾದ ವಾರಗಳೂ ಅವೇ. ಅವಕ್ಕೆ ದರ ಹೆಚ್ಚು. ಅಗ್ಗದ ಸದಸ್ಯತ್ವ ಪಡೆದವರಿಗೆ ಸಿಗುವುದು ಮಳೆಗಾಲದ ವಾರ, ಶಾಲೆ ನಡೆಯುವ ವಾರ. ಈ ಮಾತನ್ನು ಊಟದ ಮೇಜಿನಲ್ಲಿ ಯಾರೂ ಒತ್ತಿ ಹೇಳುವುದಿಲ್ಲ.

ಕೆಲವೆಡೆ ಇದು ಇನ್ನೊಂದು ವೇಷ ಹಾಕಿದ್ದೂ ಉಂಟು. ರಜೆ ಬೇಡವಾದರೆ ಕಟ್ಟಿದ್ದಕ್ಕಿಂತ ಹೆಚ್ಚು ಹಣ ವಾಪಸ್ ಎಂಬ ಯೋಜನೆ. ಮುಂಬಯಿಯ ರಾಯಲ್ ಟ್ವಿಂಕಲ್ ಸ್ಟಾರ್ ಕ್ಲಬ್ಬಿನದು ರಜೆಯ ವ್ಯಾಪಾರವಲ್ಲ, ಅನುಮತಿಯಿಲ್ಲದ ಹೂಡಿಕೆ ಯೋಜನೆ ಎಂದು ಸೆಬಿ 2015ರಲ್ಲಿ ತೀರ್ಮಾನಿಸಿ, ಜನರ ಹಣ ಹಿಂದಿರುಗಿಸಲು ಆದೇಶಿಸಿತು.

ಕಾನೂನು ಏನನ್ನುತ್ತದೆ?

ಯುರೋಪಿನಲ್ಲಿ ಟೈಮ್‌ಶೇರ್ ಒಪ್ಪಂದಕ್ಕೆ ಸಹಿ ಹಾಕಿದ ಮೇಲೂ 14 ದಿನದೊಳಗೆ ಕಾರಣ ಹೇಳದೆ ಬೇಡ ಎನ್ನಬಹುದು. ಅಮೆರಿಕದ ಫ್ಲಾರಿಡಾದಲ್ಲಿ 10 ದಿನ. ನಮ್ಮಲ್ಲಿ ಟೈಮ್‌ಶೇರಿಗೆಂದೇ ಅಂಥ ಕಾನೂನಿಲ್ಲ. ಕೆಲವು ಕಂಪನಿಗಳು ತಮ್ಮ ನಿಯಮದಲ್ಲೇ ಕೆಲವು ದಿನ ಕೊಡುತ್ತವೆ. ಅದು ಒಪ್ಪಂದದಲ್ಲಿ ಇದೆಯೇ ಎಂದು ಸಹಿಗೆ ಮೊದಲೇ ನೋಡಬೇಕು. “ಬಾಯಿಮಾತಿಗೆ ಕಂಪನಿ ಹೊಣೆಯಲ್ಲ” ಎಂಬ ಸಾಲೂ ಅಲ್ಲೇ ಎಲ್ಲೋ ಅಡಗಿರುತ್ತದೆ. ಹುಡುಗ ಹೇಳಿದ್ದನ್ನೆಲ್ಲ ಕಾಗದದಲ್ಲಿ ಬರೆಸಿಕೊಳ್ಳದಿದ್ದರೆ ಅದು ಗಾಳಿಗೆ ಹೋದಂತೆಯೇ.

ಹಾಗೆಂದು ಗ್ರಾಹಕ ಅನಾಥನೇನಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಕೊಡುವ ಮನಸ್ಸಿಲ್ಲದೆ ಬಹುಮಾನ ಘೋಷಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬೆಲೆಯಲ್ಲೇ ಸೇರಿಸಿ “ಫ್ರೀ” ಎಂದು ನಂಬಿಸುವುದೂ ಅಷ್ಟೇ. ಗ್ರಾಹಕ ತನ್ನ ಮನೆ ಇರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಕಚೇರಿ ಮುಂಬಯಿಯಲ್ಲಿದ್ದರೂ ಸರಿಯೇ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇಬೇಕೆಂದಿಲ್ಲ. ಆದರೆ ಎರಡು ವರ್ಷದೊಳಗೆ ದೂರು ಕೊಡಬೇಕು. ಮೊದಲ ಹೆಜ್ಜೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಆದರೂ ಕೇಸು ಹಾಕಿ ಅಲೆಯುವುದಕ್ಕಿಂತ ಸಹಿ ಹಾಕದೆ ಎದ್ದು ಬರುವುದೇ ಸುಲಭ. ಭಾನುವಾರ ಹೋಗಲೇಬೇಕು ಎನಿಸಿದರೆ ಕಾರ್ಡನ್ನು ಮನೆಯ ಬೀರುವಿನಲ್ಲಿಟ್ಟು ಹೋಗಲಿ. ಕೊನೆಗೆ ಒಂದೇ ಮಾತು ಹೇಳಲಿ: “ಕಾಗದ ಕೊಡಿ, ಓದಿ ನಾಳೆ ಬರ್ತೀವಿ.”

ನಾಳೆ ಈ ಬೆಲೆ ಇರಲ್ಲ ಸಾರ್ ಎನ್ನುತ್ತಾರೆ. ಒಂದು ರಾತ್ರಿ ಉಳಿಯದ ಮಾತು 25 ವರ್ಷ ಉಳಿದೀತೇ?